ಎಸಿ ರಿಪೇರಿ ಮಾಡಿಸುವುದೋ, ಹೊಸದು ಕೊಳ್ಳುವುದೋ? ವಯಸ್ಸಿಗಿಂತ ಮೊದಲು ಗಂಟೆ ಎಣಿಸಿ

ಏಪ್ರಿಲ್ ಬಂತೆಂದರೆ ಎಸಿ ಇರುವ ಮನೆಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು, "ಗ್ಯಾಸ್ ಖಾಲಿಯಾಗಿದೆ ಸಾರ್, ತುಂಬಿಸಬೇಕು." ಇನ್ನೊಂದು, "ಎಂಟು ವರ್ಷ ಆಯ್ತಲ್ಲ ಮೇಡಂ, ಇದಕ್ಕೆ ದುಡ್ಡು ಹಾಕೋ ಬದಲು ಹೊಸದೇ ತಗೊಳ್ಳಿ, ಕರೆಂಟ್ ಬಿಲ್ಲೂ ಉಳಿಯುತ್ತೆ."

ಮೊದಲನೆಯದು ಅರ್ಧ ಸತ್ಯ. ಎರಡನೆಯದು ಕೆಲವು ಮನೆಗಳಿಗೆ ಒಳ್ಳೆಯ ಸಲಹೆ, ಇನ್ನು ಕೆಲವು ಮನೆಗಳಿಗೆ ನಲವತ್ತು ಸಾವಿರ ರೂಪಾಯಿಯ ನಷ್ಟ. ನಿಮ್ಮ ಮನೆ ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಎಸಿಯ ವಯಸ್ಸೊಂದೇ ಹೇಳುವುದಿಲ್ಲ. ಕೆಟ್ಟಿರುವ ಭಾಗ ಯಾವುದು, ವರ್ಷಕ್ಕೆ ಎಷ್ಟು ಗಂಟೆ ಎಸಿ ಓಡುತ್ತದೆ ಎಂಬ ಎರಡು ಪ್ರಶ್ನೆಗಳು ಹೇಳುತ್ತವೆ. ಆ ಲೆಕ್ಕವನ್ನು ಈ ಲೇಖನದಲ್ಲಿ ಹಂತ ಹಂತವಾಗಿ ನೋಡೋಣ.

ಗ್ಯಾಸ್ ನಿಜಕ್ಕೂ ಖಾಲಿಯಾಗುತ್ತದೆಯೇ?

ಇಂಜೆಕ್ಷನ್ ಕೊಡುವ ಮೊದಲು ತೋಳಿಗೆ ಸ್ಪಿರಿಟ್ ಹಚ್ಚಿದಾಗ ತಣ್ಣಗಾಗುವುದು ನೆನಪಿದೆಯೇ? ಸ್ಪಿರಿಟ್ ಆವಿಯಾಗುವಾಗ ಚರ್ಮದ ಶಾಖವನ್ನು ಹೀರಿಕೊಳ್ಳುತ್ತದೆ. ಎಸಿ ಕೆಲಸ ಮಾಡುವುದೂ ಹೀಗೆಯೇ. ಕೋಣೆಯೊಳಗಿನ ಕಾಯಿಲ್‌ನಲ್ಲಿ ಶೀತಕ ದ್ರವ ಆವಿಯಾಗಿ ಕೋಣೆಯ ಶಾಖವನ್ನು ಹೀರುತ್ತದೆ. ಹೊರಗಿನ ಯೂನಿಟ್‌ನಲ್ಲಿರುವ ಕಂಪ್ರೆಸರ್ ಆ ಆವಿಯನ್ನು ಒತ್ತಿ, ಬಿಸಿಯಾಗಿಸಿ, ಹೊರಗಿನ ಕಾಯಿಲ್‌ಗೆ ಕಳಿಸುತ್ತದೆ. ಅಲ್ಲಿ ಶಾಖ ಬಿಟ್ಟುಕೊಟ್ಟು ಅದು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಹೀಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ.

ಸ್ಪಿರಿಟ್ ಗಾಳಿಗೆ ಹೋಗಿಬಿಡುತ್ತದೆ, ಎಸಿಯ ಗ್ಯಾಸ್ ಹೋಗುವುದಿಲ್ಲ. ಅದು ಮುಚ್ಚಿದ ಕೊಳವೆಯೊಳಗೆ ಇರುತ್ತದೆ. ಅಡುಗೆ ಗ್ಯಾಸಿನಂತೆ ಉರಿದು ಮುಗಿಯುವ ವಸ್ತು ಅದಲ್ಲ. ಮನೆಯ ಫ್ರಿಜ್‌ನಲ್ಲೂ ಇದೇ ವ್ಯವಸ್ಥೆ ಇದೆ. ಫ್ರಿಜ್‌ಗೆ ಪ್ರತಿ ಬೇಸಿಗೆ ಯಾರೂ ಗ್ಯಾಸ್ ತುಂಬಿಸುವುದಿಲ್ಲವಲ್ಲ?

ಹಾಗಾಗಿ ಗ್ಯಾಸ್ ಕಡಿಮೆಯಾಗಿದ್ದರೆ ಅದರ ಅರ್ಥ ಒಂದೇ: ಎಲ್ಲೋ ಸೋರುತ್ತಿದೆ. ಫ್ರಿಜ್‌ನ ಕೊಳವೆಗಳನ್ನು ಕಾರ್ಖಾನೆಯಲ್ಲೇ ಬೆಸೆದು ಮುಚ್ಚಿರುತ್ತಾರೆ. ಸ್ಪ್ಲಿಟ್ ಎಸಿಯ ಜೋಡಣೆ ನಡೆಯುವುದು ನಿಮ್ಮ ಗೋಡೆಯ ಮೇಲೆ. ತಾಮ್ರದ ಕೊಳವೆಯ ತುದಿಯನ್ನು ಅಗಲಿಸಿ, ನಟ್ ಹಾಕಿ ಬಿಗಿಯುವ ಆ ಜಾಗಗಳೇ ಹೆಚ್ಚಾಗಿ ಸೋರುತ್ತವೆ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದು ಪಂಕ್ಚರ್ ಹಾಕಿಸದೆ ಗಾಳಿ ಹೊಡೆಸಿದಂತೆ. ಮುಂದಿನ ಬೇಸಿಗೆಗೆ ಅದೇ ಮೆಕ್ಯಾನಿಕ್, ಅದೇ ಮಾತು, ಅದೇ ಬಿಲ್ಲು.

ಮೊದಲು ಕೆಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳಿ

ತಂಪಾಗದ ಎಸಿಯೆಲ್ಲ ಕೆಟ್ಟ ಎಸಿಯಲ್ಲ. ಯಾರನ್ನೂ ಕರೆಸುವ ಮೊದಲು ನೀವೇ ನೋಡಬಹುದಾದ ಕೆಲವು ಸಂಗತಿಗಳಿವೆ.

ಒಳಗಿನ ಯೂನಿಟ್‌ನ ಮುಚ್ಚಳ ತೆಗೆದು ಫಿಲ್ಟರ್ ನೋಡಿ. ಧೂಳು ಕಟ್ಟಿದ್ದರೆ ಗಾಳಿ ಕಾಯಿಲ್‌ವರೆಗೆ ಹೋಗುವುದೇ ಇಲ್ಲ. ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿರುವುದನ್ನು ಕಂಡು ಗ್ಯಾಸ್ ಹೋಗಿದೆ ಎಂದು ತೀರ್ಮಾನಿಸುವುದು ವಾಡಿಕೆ. ಗ್ಯಾಸ್ ಕಡಿಮೆಯಾದಾಗ ಹಾಗಾಗುವುದು ನಿಜ. ಆದರೆ ಫಿಲ್ಟರ್ ಕಟ್ಟಿಕೊಂಡರೂ ಹಾಗೇ ಆಗುತ್ತದೆ. ಫಿಲ್ಟರ್ ತೊಳೆದು, ಒಣಗಿಸಿ, ಐಸ್ ಪೂರ್ತಿ ಕರಗಿದ ಮೇಲೆ ಮತ್ತೆ ಹಾಕಿ ನೋಡಿ.

ಹೊರಗಿನ ಯೂನಿಟ್ ಬಿಸಿಗಾಳಿಯನ್ನು ಸರಾಗವಾಗಿ ಹೊರಗೆ ಬಿಡಬೇಕು. ಅದರ ಮುಂದೆ ಹಳೆಯ ಹಲಗೆ, ಒಗೆದ ಬಟ್ಟೆ, ಗ್ರಿಲ್ ಮುಚ್ಚುವ ಶೀಟು ಇದ್ದರೆ ತಾನು ಬಿಟ್ಟ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಧೂಳು ತುಂಬಿದ ಹೊರಗಿನ ಕಾಯಿಲ್ ಕೂಡ ಇದೇ ತೊಂದರೆ ಕೊಡುತ್ತದೆ.

ಇನ್ನೊಂದು ಸರಳ ಪರೀಕ್ಷೆ ಇದೆ. ಎಸಿ ಹದಿನೈದು ನಿಮಿಷ ಓಡಿದ ಮೇಲೆ, ಅದು ಒಳಗೆ ಎಳೆದುಕೊಳ್ಳುವ ಗಾಳಿಯ ಮತ್ತು ಹೊರಗೆ ಬಿಡುವ ಗಾಳಿಯ ತಾಪಮಾನವನ್ನು ಸಾಧಾರಣ ಥರ್ಮಾಮೀಟರಿನಲ್ಲಿ ಅಳೆಯಿರಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ಸುಮಾರು 8ರಿಂದ 12 ಡಿಗ್ರಿ ವ್ಯತ್ಯಾಸವಿದ್ದರೆ ಯಂತ್ರ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಹಾಗಿದ್ದೂ ಕೋಣೆ ತಂಪಾಗದಿದ್ದರೆ ತೊಂದರೆ ಬಿಸಿಲು ಬೀಳುವ ತಾರಸಿಯಲ್ಲೋ, ಮುಚ್ಚದ ಕಿಟಕಿಯಲ್ಲೋ, ಕೋಣೆಗೆ ಸಾಲದ ಟನ್‌ನಲ್ಲೋ ಇರಬಹುದು. ಹೊಸ ಎಸಿ ತಂದು ಹಾಕಿದರೂ ತಾರಸಿಯ ಬಿಸಿಲು ಬದಲಾಗುವುದಿಲ್ಲ.

ಕೆಟ್ಟಿರುವ ಭಾಗ ಯಾವುದು?

ರಿಪೇರಿಗಳೆಲ್ಲ ಒಂದೇ ತೂಕದವಲ್ಲ. ಅವನ್ನು ಮೂರು ಗುಂಪು ಮಾಡಿಕೊಳ್ಳಬಹುದು.

ಮೊದಲ ಗುಂಪು, ಯೋಚಿಸದೆ ಮಾಡಿಸಬಹುದಾದ ಸಣ್ಣ ರಿಪೇರಿಗಳು: ಕೆಪಾಸಿಟರ್, ಸೆನ್ಸರ್, ಡ್ರೈನ್ ಪೈಪ್ ಕಟ್ಟಿಕೊಂಡಿರುವುದು, ನಟ್ ಬಳಿಯ ಸೋರಿಕೆ. ಇನ್ವರ್ಟರ್ ಅಲ್ಲದ ಹಳೆಯ ಎಸಿಗಳಲ್ಲಿ ಹೊರಗಿನ ಯೂನಿಟ್ ಗುಂಯ್ ಎನ್ನುತ್ತದೆ, ಆದರೆ ಕಂಪ್ರೆಸರ್ ಶುರುವಾಗುವುದಿಲ್ಲ. ಇದನ್ನು ಕಂಡು "ಕಂಪ್ರೆಸರ್ ಹೋಗಿದೆ" ಎನ್ನುವವರಿದ್ದಾರೆ. ಎಷ್ಟೋ ಸಲ ಹೋಗಿರುವುದು ಕೆಲವು ನೂರು ರೂಪಾಯಿಯ ಕೆಪಾಸಿಟರ್. ಅದನ್ನು ಮೀಟರ್ ಹಿಡಿದು ಅಳೆಯಲು ಐದು ನಿಮಿಷ ಸಾಕು. ಆದರೆ ಇದನ್ನು ನೀವೇ ಬಿಚ್ಚಲು ಹೋಗಬೇಡಿ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ನಲ್ಲಿ ವಿದ್ಯುತ್ ಉಳಿದಿರುತ್ತದೆ.

ಎರಡನೆಯ ಗುಂಪು, ಲೆಕ್ಕ ಹಾಕಿ ನಿರ್ಧರಿಸಬೇಕಾದ್ದು: ಇನ್ವರ್ಟರ್ ಎಸಿಯ ಪಿಸಿಬಿ ಅಂದರೆ ಎಲೆಕ್ಟ್ರಾನಿಕ್ ಬೋರ್ಡ್, ಫ್ಯಾನ್ ಮೋಟಾರ್, ಒಂದೇ ಕಡೆ ತೂತಾದ ಕಾಯಿಲ್. ವೋಲ್ಟೇಜ್ ಏರಿಳಿತದಿಂದ ಬೋರ್ಡ್ ಸುಡುವುದು ಸಾಮಾನ್ಯ. ಹೊರಗಿನ ಯೂನಿಟ್‌ನೊಳಗೆ ಹಲ್ಲಿ ಹೊಕ್ಕು ಶಾರ್ಟ್ ಆಗುವುದೂ ನಮ್ಮಲ್ಲಿ ಅಪರೂಪವಲ್ಲ. ಇಂಥ ಕಡೆ ಕಾರಣ ಹೊರಗಿನದು. ಯಂತ್ರದ ಉಳಿದ ಭಾಗಗಳು ಗಟ್ಟಿಯಾಗಿದ್ದರೆ ರಿಪೇರಿ ಬಾಳುತ್ತದೆ.

ಮೂರನೆಯ ಗುಂಪು, ವಿದಾಯ ಹೇಳುವ ಕಾಲ ಬಂದಿದೆ ಎಂದು ಸೂಚಿಸುವಂಥದ್ದು: ವಾರಂಟಿ ಮುಗಿದ ಮೇಲೆ ನಿಜವಾಗಿಯೂ ಸುಟ್ಟ ಕಂಪ್ರೆಸರ್, ಅಲ್ಲಲ್ಲಿ ತುಕ್ಕು ತಿಂದ ಕಾಯಿಲ್. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಹೊರಗಿನ ಕಾಯಿಲ್ ಬೇಗ ಸವೆಯುತ್ತದೆ. ಅಲ್ಯೂಮಿನಿಯಂ ಪಟ್ಟಿಗಳನ್ನು ಬೆರಳಲ್ಲಿ ಮುಟ್ಟಿದರೆ ಪುಡಿಯಾಗುತ್ತಿದ್ದರೆ, ಇಂದು ಒಂದು ತೂತು ಬೆಸೆದರೆ ನಾಳೆ ಪಕ್ಕದಲ್ಲಿ ಇನ್ನೊಂದು ಬೀಳುತ್ತದೆ. ಸಮುದ್ರದಿಂದ ದೂರದ ಊರುಗಳಲ್ಲೂ ತಾಮ್ರದ ಕೊಳವೆಗೆ ಇನ್ನೊಂದು ಬಗೆಯ ಸವೆತ ಇದೆ. ಗಾಳಿಯಲ್ಲಿರುವ ಫಾರ್ಮಿಕ್, ಅಸೆಟಿಕ್‌ನಂಥ ಆಮ್ಲಗಳ ಅಂಶ, ತೇವ ಮತ್ತು ಆಮ್ಲಜನಕ ಸೇರಿ ತಾಮ್ರದೊಳಗೆ ಇರುವೆಗೂಡಿನಂಥ ಸುರಂಗಗಳನ್ನು ಕೊರೆಯುತ್ತವೆ. ಕಣ್ಣಿಗೆ ತೂತು ಕಾಣುವುದಿಲ್ಲ, ಗ್ಯಾಸ್ ಮಾತ್ರ ಹೋಗುತ್ತಿರುತ್ತದೆ.

ಯಾವ ಗುಂಪಾದರೂ ಸರಿ, ಮೊದಲು ಖರೀದಿಯ ಬಿಲ್ಲು ಹುಡುಕಿ. ಹಲವು ಕಂಪನಿಗಳು ಇನ್ವರ್ಟರ್ ಎಸಿಯ ಕಂಪ್ರೆಸರ್‌ಗೆ 10 ವರ್ಷ, ಬೋರ್ಡ್‌ಗೆ 5 ವರ್ಷದವರೆಗೆ ವಾರಂಟಿ ಕೊಡುತ್ತವೆ. ಗ್ಯಾಸ್ ತುಂಬುವ ಮತ್ತು ಕೆಲಸದ ಕೂಲಿ ನಿಮ್ಮ ಮೇಲೆ ಬೀಳಬಹುದು. ಆದರೂ ಲೆಕ್ಕ ಪೂರ್ತಿ ಬದಲಾಗುತ್ತದೆ.

ಹೊರಗಿನ ಯೂನಿಟ್ ಮೇಲಿನ ಚೀಟಿ ಓದಿ

ಹೊರಗಿನ ಯೂನಿಟ್‌ನ ಬದಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಗ್ಯಾಸಿನ ಹೆಸರು ಮತ್ತು ತೂಕ ಬರೆದಿರುತ್ತದೆ. ಸಾಮಾನ್ಯವಾಗಿ ಆರ್-22, ಆರ್-410ಎ, ಆರ್-32 ಇವುಗಳಲ್ಲಿ ಒಂದು ಇರುತ್ತದೆ. ಕೆಲವು ಎಸಿಗಳಲ್ಲಿ ಆರ್-290 ಇರುತ್ತದೆ.

ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವ ಗ್ಯಾಸ್. 1987ರ ಮಾಂಟ್ರಿಯಲ್ ಒಪ್ಪಂದದಡಿ ಜಗತ್ತು ಇಂಥ ರಾಸಾಯನಿಕಗಳನ್ನು ಕೈಬಿಡುತ್ತಾ ಬಂದಿದೆ. ಭಾರತದಲ್ಲಿ 2025ರಿಂದ ಹೊಸ ಯಂತ್ರಗಳ ತಯಾರಿಕೆಯಲ್ಲಿ ಇದನ್ನು ಬಳಸುವಂತಿಲ್ಲ. ಹಳೆಯ ಎಸಿಗಳ ಸರ್ವಿಸ್‌ಗೆ ಇನ್ನೂ ಅವಕಾಶವಿದೆ. ಆದರೆ ಪೂರೈಕೆ ಕುಗ್ಗುತ್ತಾ ಹೋಗುವ ಗ್ಯಾಸ್ ಇದು. ನಿಮ್ಮ ಎಸಿ ಆರ್-22ರದ್ದಾಗಿದ್ದು, ಸೋರುತ್ತಿರುವುದು ಕಾಯಿಲ್ ಆಗಿದ್ದರೆ ಬದಲಿಸುವುದೇ ಮೇಲು.

"ಆರ್-22 ಸಿಗಲ್ಲ, ಅದರ ಬದಲು ಆರ್-32 ಹಾಕಿಬಿಡೋಣ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆರ್-32 ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುತ್ತದೆ, ಅದಕ್ಕೆ ಬೇಕಾದ ಎಣ್ಣೆ ಬೇರೆ, ಮೇಲಾಗಿ ಅದು ಬೆಂಕಿ ಹತ್ತಬಲ್ಲ ಗ್ಯಾಸ್. ಹಳೆಯ ಯಂತ್ರವನ್ನು ಅದಕ್ಕಾಗಿ ಕಟ್ಟಿರುವುದಿಲ್ಲ.

ಎಂಟು ವರ್ಷದ ನಿಯಮ ಎಲ್ಲಿಂದ ಬಂತು?

ಅಂತರ್ಜಾಲದಲ್ಲಿ ಒಂದು ಸೂತ್ರ ಓಡಾಡುತ್ತದೆ. ಎಸಿಯ ವಯಸ್ಸನ್ನು ರಿಪೇರಿ ವೆಚ್ಚದಿಂದ ಗುಣಿಸಿ, ಉತ್ತರ 5,000 ದಾಟಿದರೆ ಹೊಸದು ಕೊಳ್ಳಿ ಎಂದು. ಇದು ಅಮೆರಿಕದ ಸೂತ್ರ, ಲೆಕ್ಕ ಡಾಲರ್‌ನಲ್ಲಿದೆ. ಅಲ್ಲಿ ಇಡೀ ಮನೆಗೆ ಒಂದೇ ದೊಡ್ಡ ಎಸಿ ವ್ಯವಸ್ಥೆ ಇರುವುದು ಸಾಮಾನ್ಯ. ನಮ್ಮ ಒಂದೂವರೆ ಟನ್ ಸ್ಪ್ಲಿಟ್ ಎಸಿಗೆ ರೂಪಾಯಿಯಲ್ಲಿ ಇದನ್ನು ಹಾಕಿದರೆ, ಎಂಟು ವರ್ಷದ ಎಸಿಗೆ 700 ರೂಪಾಯಿಯ ರಿಪೇರಿ ಬಂದರೂ ಬಿಸಾಡಬೇಕಾಗುತ್ತದೆ!

ವಯಸ್ಸು ಮುಖ್ಯವೇ ಅಲ್ಲ ಎಂದಲ್ಲ. ಆದರೆ ಬೆಂಗಳೂರಿನಲ್ಲಿ ವರ್ಷಕ್ಕೆ ಮೂರು ತಿಂಗಳು ರಾತ್ರಿ ಮಾತ್ರ ಓಡಿದ ಎಂಟು ವರ್ಷದ ಎಸಿಯೂ, ರಾಯಚೂರಿನಲ್ಲಿ ಹಗಲೂ ರಾತ್ರಿ ದುಡಿದ ಎಂಟು ವರ್ಷದ ಎಸಿಯೂ ಒಂದೇ ಅಲ್ಲ. ಬೈಕ್ ಕೊಳ್ಳುವಾಗ ವರ್ಷದ ಜೊತೆ ಎಷ್ಟು ಕಿಲೋಮೀಟರ್ ಓಡಿದೆ ಎಂದೂ ಕೇಳುತ್ತೇವೆ. ಎಸಿಯ ವಿಷಯದಲ್ಲಿ ಮಾತ್ರ ಅದನ್ನು ಕೇಳುವುದು ಮರೆಯುತ್ತೇವೆ.

ಗಂಟೆಗೆ ಎರಡು ರೂಪಾಯಿ

ಹೊಸ ಎಸಿ ಎಷ್ಟು ಕರೆಂಟ್ ಉಳಿಸುತ್ತದೆ? ಸ್ಟಾರ್ ಲೇಬಲ್ ಮೇಲೆ ಐಎಸ್‌ಇಇಆರ್ ಎಂಬ ಸಂಖ್ಯೆ ಇರುತ್ತದೆ. ಇಡೀ ಋತುವಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಎಸಿ ಎಷ್ಟು ಯೂನಿಟ್ ಶಾಖವನ್ನು ಹೊರಹಾಕುತ್ತದೆ ಎಂಬುದನ್ನು ಅದು ಹೇಳುತ್ತದೆ. ಸ್ಟಾರ್‌ಗಿಂತ ಈ ಸಂಖ್ಯೆಯನ್ನು ನಂಬಿ, ಏಕೆಂದರೆ ಸ್ಟಾರ್‌ನ ಅಳತೆಗೋಲು ಕಾಲಕಾಲಕ್ಕೆ ಬಿಗಿಯಾಗುತ್ತದೆ. 2018ರಲ್ಲಿ 5 ಸ್ಟಾರ್ ಪಡೆಯಲು 4.5 ಸಾಕಿತ್ತು, 2022ರ ಜುಲೈನಿಂದ 5.0 ಬೇಕಾಯಿತು.

ಒಂದು ಉದಾಹರಣೆ ಹಿಡಿಯೋಣ. ಹಳೆಯ ಎಸಿಯ ಐಎಸ್‌ಇಇಆರ್ 3.1, ಸರಾಸರಿ ಗಂಟೆಗೆ 0.75 ಯೂನಿಟ್ ತಿನ್ನುತ್ತದೆ. ಹೊಸದರದ್ದು 5.0. ಅದೇ ತಂಪಿಗೆ ಹೊಸದು ಗಂಟೆಗೆ ಸುಮಾರು 0.47 ಯೂನಿಟ್ ತಿನ್ನುತ್ತದೆ. ಉಳಿತಾಯ ಗಂಟೆಗೆ ಸುಮಾರು 0.28 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದುಕೊಂಡರೆ ಗಂಟೆಗೆ ಸುಮಾರು 2 ರೂಪಾಯಿ.

ಈಗ ಎರಡು ಮನೆ ನೋಡೋಣ. ಎರಡೂ ಕಡೆ ರಿಪೇರಿಗೆ 14,000 ರೂಪಾಯಿ ಕೇಳಿದ್ದಾರೆ, ರಿಪೇರಿ ಮಾಡಿದರೆ ಇನ್ನು 4 ವರ್ಷ ಬಾಳುತ್ತದೆ ಎಂದಿಟ್ಟುಕೊಳ್ಳೋಣ. ಹೊಸ ಎಸಿ, ಜೋಡಣೆ ಸೇರಿ 42,000 ರೂಪಾಯಿ, 10 ವರ್ಷ ಬಾಳುತ್ತದೆ. ಅಂದರೆ ರಿಪೇರಿಯ ವೆಚ್ಚ ವರ್ಷಕ್ಕೆ 3,500, ಹೊಸದರ ವೆಚ್ಚ ವರ್ಷಕ್ಕೆ 4,200.

ಬೆಂಗಳೂರಿನ ಮನೆಯಲ್ಲಿ 100 ರಾತ್ರಿ, ದಿನಕ್ಕೆ 4 ಗಂಟೆ ಎಸಿ ಓಡುತ್ತದೆ. ವರ್ಷಕ್ಕೆ 400 ಗಂಟೆ. ಹಳೆಯದನ್ನು ಇಟ್ಟುಕೊಂಡರೆ ಹೆಚ್ಚುವರಿ ಕರೆಂಟಿನ ವೆಚ್ಚ 800 ರೂಪಾಯಿ. ಒಟ್ಟು 4,300. ಹೊಸದಕ್ಕೂ ಇದಕ್ಕೂ ವ್ಯತ್ಯಾಸ ಬರೀ 100 ರೂಪಾಯಿ. ಅಂದರೆ 14,000ಕ್ಕಿಂತ ಕಡಿಮೆಯ ಯಾವುದೇ ಗಟ್ಟಿ ರಿಪೇರಿ ಇಲ್ಲಿ ಸಮಂಜಸ.

ರಾಯಚೂರಿನ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆ. 200 ದಿನ, ದಿನಕ್ಕೆ 12 ಗಂಟೆ ಎಸಿ ಓಡುತ್ತದೆ. ವರ್ಷಕ್ಕೆ 2,400 ಗಂಟೆ. ಹೆಚ್ಚುವರಿ ಕರೆಂಟಿಗೆ 4,800 ರೂಪಾಯಿ, ಒಟ್ಟು 8,300. ಹೊಸದರ 4,200ರ ಎದುರು ಇದು ಸುಮಾರು ಎರಡು ಪಟ್ಟು. ಈ ಮನೆಯವರು ಎಸಿ ಕೆಡುವ ಮೊದಲೇ ಬದಲಿಸಿದ್ದರೂ ನಷ್ಟವಿರಲಿಲ್ಲ.

ಯಂತ್ರ ಒಂದೇ, ವಯಸ್ಸು ಒಂದೇ, ರಿಪೇರಿ ಬಿಲ್ಲು ಒಂದೇ, ಉತ್ತರ ಮಾತ್ರ ಬೇರೆ. ನಿಮ್ಮ ಹಳೆಯ ಎಸಿಯ ಐಎಸ್‌ಇಇಆರ್ 4.0 ಆಗಿದ್ದರೆ ಉಳಿತಾಯ ಗಂಟೆಗೆ ಸುಮಾರು 80 ಪೈಸೆಗೆ ಇಳಿಯುತ್ತದೆ. ಆಗ ರಾಯಚೂರಿನಲ್ಲೂ ಐದಾರು ಸಾವಿರದ ರಿಪೇರಿ ಮಾಡಿಸುವುದೇ ಲಾಭ.

ಗೃಹಜ್ಯೋತಿ ಇದ್ದರೆ ಇನ್ನೊಂದು ಗೆರೆ

ಕರ್ನಾಟಕದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಮೇಲಿನ ಲೆಕ್ಕಕ್ಕೆ ಒಂದು ತಿದ್ದುಪಡಿ ಮಾಡಿಕೊಳ್ಳಬೇಕು. ನಿಮಗೆ ನಿಗದಿಯಾದ ಯೂನಿಟ್‌ಗಿಂತ ಹೆಚ್ಚು ಬಳಸಿದರೆ ಹೆಚ್ಚಿನದಕ್ಕಷ್ಟೇ ಹಣ ಕಟ್ಟಬೇಕು. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಬೆಂಗಳೂರಿನ ಅದೇ ಮನೆಯಲ್ಲಿ ಎಸಿ ಬಿಟ್ಟು ಉಳಿದ ಬಳಕೆ 120 ಯೂನಿಟ್, ನಿಗದಿಯಾದದ್ದು 130 ಯೂನಿಟ್ ಎಂದುಕೊಳ್ಳಿ. ಹಳೆಯ ಎಸಿ ತಿಂಗಳಿಗೆ 90 ಯೂನಿಟ್ ತಿಂದರೆ ಒಟ್ಟು 210. ಗೆರೆ ದಾಟಿತು, 7 ರೂಪಾಯಿಯಂತೆ 1,470 ರೂಪಾಯಿ. ಹೊಸ ಎಸಿ 56 ಯೂನಿಟ್ ತಿಂದರೆ ಒಟ್ಟು 176, ಕಟ್ಟಬೇಕಾದ್ದು 46 ಯೂನಿಟ್‌ಗೆ 322 ರೂಪಾಯಿ. ಉಳಿದದ್ದು 34 ಯೂನಿಟ್, ಬಿಲ್ಲಿನಲ್ಲಿ ವ್ಯತ್ಯಾಸ ಸಾವಿರಕ್ಕೂ ಮಿಗಿಲು. ಬೇಸಿಗೆಯ ಬಿಲ್ಲುಗಳನ್ನು ತೆಗೆದು ನೋಡಿ. ನೀವು 200ರ ಆಸುಪಾಸಿನಲ್ಲಿದ್ದರೆ ಹೊಸ ಎಸಿಯ ಕಡೆ ತಕ್ಕಡಿ ವಾಲುತ್ತದೆ. ಎಷ್ಟೋ ಸಲ ಎಸಿಯನ್ನು 24 ಡಿಗ್ರಿಯ ಬದಲು 26ಕ್ಕಿಟ್ಟು, ಜೊತೆಗೆ ಫ್ಯಾನ್ ಹಾಕಿಕೊಂಡರೂ ಆ ಗೆರೆಯ ಈಚೆಗೆ ಉಳಿಯಬಹುದು.

ರೂಪಾಯಿಯಲ್ಲಿ ಹಿಡಿಯದ ಎರಡು ಲೆಕ್ಕ

ಮೊದಲನೆಯದು ಆರೋಗ್ಯ. ವಯಸ್ಸಾದಂತೆ ಬೆವರಿ ತಂಪಾಗುವ ದೇಹದ ಶಕ್ತಿ ಕುಗ್ಗುತ್ತದೆ, ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಕಲಬುರಗಿ, ರಾಯಚೂರಿನಲ್ಲಿ ಹೊರಗೆ 42 ಡಿಗ್ರಿ ಇರುವ ದಿನ ಎಸಿ ನಿಂತರೆ, ಮೆಕ್ಯಾನಿಕ್ ಬರಲು ಮೂರು ದಿನ ಬೇಕೆಂದರೆ, ಅದು ಬರೀ ಕಿರಿಕಿರಿಯ ವಿಷಯವಲ್ಲ. ಹಿರಿಯರು, ಹೃದ್ರೋಗಿಗಳು, ಎಳೆಗೂಸು ಇರುವ ಮನೆಯಲ್ಲಿ "ಇನ್ನೊಂದು ಬೇಸಿಗೆ ತಳ್ಳೋಣ" ಎಂಬ ಜೂಜು ಬೇಡ. ಇಂಥ ಮನೆಗಳಲ್ಲಿ ಯಂತ್ರ ನಂಬಿಕೆಗೆ ತಕ್ಕದ್ದೇ ಎಂಬುದು ಬೆಲೆಗಿಂತ ದೊಡ್ಡ ಪ್ರಶ್ನೆ.

ಎರಡನೆಯದು ಗಾಳಿಗೆ ಸೇರುವ ಗ್ಯಾಸ್. ಆರ್-410ಎ ಓಝೋನ್‌ಗೆ ಹಾನಿ ಮಾಡದಿದ್ದರೂ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2,000 ಪಟ್ಟು ಬಲಶಾಲಿ. ಆರ್-32 ಸುಮಾರು 675 ಪಟ್ಟು. ಭಾರತದಲ್ಲಿ ಒಂದು ಯೂನಿಟ್ ವಿದ್ಯುತ್ ಉತ್ಪಾದನೆಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಲೆಕ್ಕ ಹಾಕಿದರೆ, ಒಂದು ಕೆಜಿ ಆರ್-410ಎ ಸೋರಿದರೆ ಆಗುವ ಹಾನಿ ರಾಯಚೂರಿನ ಆ ಮನೆ ಹೊಸ ಎಸಿಯಿಂದ ನಾಲ್ಕು ವರ್ಷ ಉಳಿಸುವುದನ್ನು ಮೀರುತ್ತದೆ. ಆದ್ದರಿಂದ ರಿಪೇರಿಯೋ ಹೊಸದೋ, ಏನೇ ಆದರೂ ಸೋರಿಕೆಯನ್ನು ಮುಚ್ಚುವುದು ಮತ್ತು ಹಳೆಯ ಗ್ಯಾಸನ್ನು ಗಾಳಿಗೆ ಬಿಡದಿರುವುದು ಮುಖ್ಯ.

ಹೂಂ ಎನ್ನುವ ಮೊದಲು ಕೇಳಿ

ಮೆಕ್ಯಾನಿಕ್ ಬಳಿ ಈ ಪ್ರಶ್ನೆಗಳನ್ನು ಕೇಳಿ. ಕೆಲಸ ಬಲ್ಲವರು ಬೇಸರಿಸದೆ ಉತ್ತರಿಸುತ್ತಾರೆ.

1. ಸೋರುತ್ತಿರುವುದು ಎಲ್ಲಿ, ತೋರಿಸುತ್ತೀರಾ? ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಸೂಕ್ಷ್ಮ ಸೋರಿಕೆಗೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ಎಂದು ನೋಡಬೇಕು. ಈ ಪರೀಕ್ಷೆಗೆ ಆಮ್ಲಜನಕದ ಸಿಲಿಂಡರ್ ತಂದರೆ ತಕ್ಷಣ ತಡೆಯಿರಿ. ಕಂಪ್ರೆಸರ್ ಎಣ್ಣೆಯ ಜೊತೆ ಅದು ಸ್ಫೋಟಿಸಬಹುದು.

2. ಗ್ಯಾಸ್ ತುಂಬುವ ಮೊದಲು ವ್ಯಾಕ್ಯೂಮ್ ಪಂಪ್ ಹಾಕುತ್ತೀರಾ? ಕೊಳವೆಯೊಳಗೆ ಉಳಿದ ಗಾಳಿ ಮತ್ತು ತೇವ ಕಂಪ್ರೆಸರ್‌ನ ಆಯುಷ್ಯ ತಿನ್ನುತ್ತವೆ.

3. ಚೀಟಿಯಲ್ಲಿರುವಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ಹಾಕುತ್ತೀರಾ? ಅಂದಾಜಿಗೆ ಹಾಕಿದರೆ ಹೆಚ್ಚಾದರೂ ತೊಂದರೆ, ಕಡಿಮೆಯಾದರೂ ತೊಂದರೆ.

4. ಕಂಪ್ರೆಸರ್ ಹೋಗಿದೆ ಎನ್ನುವುದಾದರೆ, ಕೆಪಾಸಿಟರ್ ಮತ್ತು ವೋಲ್ಟೇಜ್ ಅಳೆದು ನೋಡಿದಿರಾ?

5. ಈ ರಿಪೇರಿಗೆ ಎಷ್ಟು ತಿಂಗಳ ಗ್ಯಾರಂಟಿ, ಬಿಲ್ಲಿನಲ್ಲಿ ಬರೆದುಕೊಡುತ್ತೀರಾ?

ಉತ್ತರಗಳು ಕೈಗೆ ಬಂದ ಮೇಲೆ ಲೆಕ್ಕ ಸುಲಭ. ರಿಪೇರಿ ವೆಚ್ಚವನ್ನು ಅದು ಬಾಳುವ ವರ್ಷಗಳಿಂದ ಭಾಗಿಸಿ, ವರ್ಷದ ಹೆಚ್ಚುವರಿ ಕರೆಂಟ್ ವೆಚ್ಚ ಸೇರಿಸಿ. ಹೊಸದರ ಬೆಲೆಯನ್ನು 10ರಿಂದ ಭಾಗಿಸಿ. ಎರಡನ್ನೂ ಅಕ್ಕಪಕ್ಕ ಇಡಿ.

ಬದಲಿಸುವುದೇ ಎಂದು ತೀರ್ಮಾನವಾದರೆ ಹಳೆಯದನ್ನು ಗುಜರಿಯವರ ಕೈಗೆ ಹಾಕಬೇಡಿ. ತಾಮ್ರದ ಆಸೆಗೆ ಕೊಳವೆ ಕತ್ತರಿಸಿದರೆ ಒಳಗಿನ ಗ್ಯಾಸ್ ಪೂರ್ತಿ ಗಾಳಿಗೆ ಹೋಗುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಎಸಿಯೂ ಬರುತ್ತದೆ, ಅದರ ವಿಲೇವಾರಿಯಲ್ಲಿ ತಯಾರಕರಿಗೂ ಹೊಣೆಯಿದೆ. ಎಕ್ಸ್‌ಚೇಂಜ್ ಕೊಡುವಾಗ ಹಳೆಯ ಎಸಿ ಎಲ್ಲಿಗೆ ಹೋಗುತ್ತದೆ ಎಂದು ಅಂಗಡಿಯವರನ್ನು ಕೇಳುವುದು ನಿಮ್ಮ ಹಕ್ಕು.

ಇದನ್ನೆಲ್ಲ ಮಾಡಲು ಒಳ್ಳೆಯ ತಿಂಗಳು ಫೆಬ್ರವರಿ. ಆಗ ಮೆಕ್ಯಾನಿಕ್‌ಗೂ ಸಮಯವಿರುತ್ತದೆ, ನಿಮಗೂ ಯೋಚಿಸಲು ವ್ಯವಧಾನವಿರುತ್ತದೆ. ಮೇ ತಿಂಗಳ ಮಧ್ಯಾಹ್ನ ಬೆವರು ಒರೆಸಿಕೊಳ್ಳುತ್ತಾ ತೆಗೆದುಕೊಳ್ಳುವ ತೀರ್ಮಾನಕ್ಕೆ ಲೆಕ್ಕದ ಪುಸ್ತಕ ನೆನಪಾಗುವುದಿಲ್ಲ.